ಇನ್ನೊಂದು ಸುತ್ತು ಬಜೆ

ಮಧ್ಯಾಹ್ನ ಎರಡು ಗಂಟೆಗೆ ಆಯಾ ಗಾಳೆಮ್ಮ ಹಾಲಿನ ಲೋಟ ಹಿಡಿದು ಕೂಸನ್ನು ಎಬ್ಬಿಸಲು ಬಗ್ಗಿದಳು. ಕೂಸಿನ ಕೈ ತಣ್ಣಗಿತ್ತು.

ಕೂಸಿನ ಹೆಸರು ಭೀಮರಾಜ. ಹನ್ನೊಂದು ತಿಂಗಳು. ಹೆಸರು ಅಷ್ಟು ದೊಡ್ಡದು, ಮೈತೂಕ ಆರೂವರೆ ಕಿಲೊ.

ಕಾರಿಗುಂಟೆಯ ತೊಟ್ಟಿಲುಮನೆ ಎಂದರೆ ಹಳೇ ಶಾಲೆಯ ಒಂದು ಕೋಣೆ. ಕೂಲಿಗೆ ಹೋಗುವ ತಾಯಂದಿರು ಬೆಳಿಗ್ಗೆ ಕೂಸು ಬಿಟ್ಟು ಸಂಜೆ ಒಯ್ಯುವ ಜಾಗ. ದುಡ್ಡು ಕೊಡಬೇಕಿಲ್ಲ. ಇದು ಬರುವ ಮುಂಚೆ ಕೂಸು ಬೇವಿನ ಮರದ ಜೋಳಿಗೆಯಲ್ಲಿರುತ್ತಿತ್ತು, ಇಲ್ಲವೇ ಶಾಲೆ ಬಿಟ್ಟ ಅಕ್ಕನ ಸೊಂಟದ ಮೇಲೆ.

ಕೊಟ್ಟೂರಿನಿಂದ ಪಿಎಸ್‌ಐ ಸಮತಾ ಬಂದಿಳಿದಾಗ ತಾಯಿ ಹುಲುಗಮ್ಮ ಆಗಲೇ ಬಂದಿದ್ದಳು. ಹುಣಸೆಹಣ್ಣಿನ ಶೆಡ್ಡಿನಿಂದ ಓಡಿ ಬಂದವಳು. ಬೀಜ ಬಿಡಿಸಿದ ಅಂಟುಗೈಯಲ್ಲೇ ಕೂಸನ್ನು ಎದೆಗೆ ಅವಚಿಕೊಂಡು ಕೂಗುತ್ತಿದ್ದಳು.

ಮೈಸೂರು ಕಡೆಯಿಂದ ಹೊಸದಾಗಿ ಬಂದ ಕಾನ್‌ಸ್ಟೇಬಲ್ ಒಬ್ಬ ಬರೆಯುವುದನ್ನು ಮುಗಿಸಿಬಿಟ್ಟಿದ್ದ.

"ತಾಯೀನೇ ಒಪ್ಕೊಂಡವ್ಳೆ ಮೇಡಂ. ಬೆಳಿಗ್ಗೆ ಮಗೂಗೆ ಬಜ್ಜಿ ಕೊಟ್ಟವ್ಳೆ. ಗಂಟಲಿಗೆ ಸಿಕ್ಕಾಕ್ಕೊಂಡದೆ."

ಸಮತಾ ಕಾಗದ ಓದಿದಳು. ಇದು ಹೀಗೇ ಮೇಲೆ ಹೋದರೆ ಹುಲುಗಮ್ಮ ಹೆತ್ತ ಮಗನನ್ನೇ ಕೊಂದವಳಾಗುತ್ತಾಳೆ. ತಾಯಿಯ ಪಕ್ಕದಲ್ಲಿ ನೆಲಕ್ಕೆ ಕುಳಿತಳು.

"ಮುಂಜಾನಿ ಏನು ಕೊಟ್ಟಿದ್ದೆವ್ವಾ?"

"ಬಜಿ ಕೊಟ್ಟೀನ್ರಿ. ಎರಡ ಸುತ್ತು."

ಸಮತಾ ಕಾಗದವನ್ನು ಎರಡಾಗಿ ಹರಿದಳು. "ಬಜ್ಜಿಯನ್ನು ಯಾರಪ್ಪಾ ಸುತ್ತಿನಲ್ಲಿ ಎಣಿಸ್ತಾರೆ? ಈ ಕಡೆ ಮನೆ ಮನಿ ಆಗುತ್ತೆ, ಬಜೆ ಬಜಿ ಆಗುತ್ತೆ. ಆಕೆ ಹೇಳಿದ್ದು ಬಜೆ ಬೇರು. ಕಲ್ಲಿನ ಮೇಲೆ ಸುತ್ತು ಲೆಕ್ಕದಲ್ಲಿ ತೇಯ್ದು ಕೂಸಿಗೆ ನೆಕ್ಕಿಸೋದು. ನಾನೂ ಅದನ್ನೇ ನೆಕ್ಕಿ ಬೆಳೆದವಳು."

ಕಾನ್‌ಸ್ಟೇಬಲ್ ತಲೆ ತಗ್ಗಿಸಿದ. ಕೂಸಿನ ಗಂಟಲಲ್ಲಿ ಏನೂ ಇರಲಿಲ್ಲ. ಬಿದ್ದ ಪೆಟ್ಟಿಲ್ಲ, ಹುಳ ಕಚ್ಚಿದ ಗುರುತಿಲ್ಲ. ಹಾಗಾದರೆ ಆಗಿದ್ದೇನು?

ಅಷ್ಟರಲ್ಲಿ ಸಮತಾಗೆ ಇನ್ನೊಂದು ಕಂಡಿತು. ಜೀಪು ಬಂದಿತ್ತು. ಊರ ಹೆಂಗಸರೆಲ್ಲ ಬಾಗಿಲಲ್ಲಿ ಎದೆ ಬಡಿದುಕೊಳ್ಳುತ್ತಿದ್ದರು. ಒಳಗೆ ಚಾಪೆಯ ಮೇಲೆ ಇನ್ನೂ ಹತ್ತು ಕೂಸು. ಒಂದೂ ಬೆಚ್ಚಿಬಿದ್ದಿರಲಿಲ್ಲ. ಒಂದೂ ಅತ್ತಿರಲಿಲ್ಲ.

ಆಕೆ ಒಂದರ ಕಿವಿಯ ಬಳಿ ಚಪ್ಪಾಳೆ ತಟ್ಟಿದಳು. ರೆಪ್ಪೆ ಅಲುಗಲಿಲ್ಲ.

"ಎತ್ರಿ ಎಲ್ಲಾನೂ," ಎಂದಳು. "ಜೀಪಿಗೆ ಹಾಕ್ರಿ. ಆಸ್ಪತ್ರಿಗೆ ನಡೀರಿ."

* * *

ಕೋಣೆ ಖಾಲಿಯಾಯಿತು. ಗಾಳೆಮ್ಮ ಮೂಲೆಯಲ್ಲಿ ಕುಳಿತಿದ್ದಳು. ಅರವತ್ತು ದಾಟಿದ ಜೀವ, ಮಂಡಿ ಎರಡೂ ಊದಿವೆ. ಸಮತಾ ಅವಳ ಪಕ್ಕದಲ್ಲಿದ್ದ ತೇಯುವ ಕಲ್ಲನ್ನು ಬೆಳಕಿಗೆ ಹಿಡಿದಳು. ನಡುವೆ ಬಜೆಯ ಕಂದು ಕಲೆ. ಅಂಚಿನಲ್ಲಿ ಬಿಳಿ ಪುಡಿ.

"ಇದೇನು ಗಾಳೆಮ್ಮ?"

"ಶಕ್ತಿ ಗುಳಿಗಿ ಅಂತ್ರಿ. ಬಜಿ ಕೂಡ ತೇಯಿ ಅಂದ್ರು."

"ಯಾರು?"

"ಅರುಣಕುಮಾರ್ ಸಾಹುಕಾರ್ರು." ತೊಟ್ಟಿಲುಮನೆಗಳ ಮೇಲ್ವಿಚಾರಕ. ಕೊಟ್ಟೂರಿನವನು.

ಗಾಳೆಮ್ಮ ಎಲೆಅಡಿಕೆ ಸಂಚಿಯಿಂದ ಒಂದು ಗುಳಿಗೆ ಪಟ್ಟಿ ತೆಗೆದುಕೊಟ್ಟಳು. ಕತ್ತರಿಯಿಂದ ಓರೆಯಾಗಿ ಕತ್ತರಿಸಿದ ಅರ್ಧ ಪಟ್ಟಿ. ಔಷಧಿಯ ಹೆಸರಿದ್ದ ತುಂಡು ಇರಲಿಲ್ಲ.

"ಶಕ್ತಿ ಗುಳಿಗಿ ತಿಂದ ಕೂಸು ಹಿಂಗ ಮಕ್ಕೊಂತಾವೇನು? ನಿನಗ ಗೊತ್ತಾಗಲಿಲ್ಲೇನು?"

ಗಾಳೆಮ್ಮ ಸಂಚಿಯ ದಾರ ಬಿಗಿದಳು.

"ಗೊತ್ತಾತ್ರಿ. ಎರಡನೇ ದಿನಾನ ಗೊತ್ತಾತು. ಆದ್ರ ಒಬ್ಬಾಕಿ, ಹನ್ನೊಂದು ಕೂಸು. ಒಂದನ್ನ ಎತ್ತಿಕೊಂಡ್ರ ಇನ್ನೊಂದು ಹೊಸ್ತಿಲ ದಾಟತೈತಿ. ಹಿಂದ ಬಾವಿ ಐತ್ರಿ, ಕಟ್ಟಿ ಇಲ್ಲ. ಮಕ್ಕೊಂಡ್ರ ಜೀವಂತ ಇರ್ತಾವು ಅಂದ್ಕೊಂಡೆ."

ಗೋಡೆಯ ಫಲಕದಲ್ಲಿ ಆಯಾಗಳ ಹೆಸರು ಎರಡಿದ್ದವು.

"ಈರಕ್ಕ ಎಲ್ಲಿ?"

"ಸಾಹುಕಾರ್ ಮನ್ಯಾಗ ಅದಾಳ್ರಿ. ಅವರ ಕೂಸು ನೋಡಿಕೊಳ್ಳಾಕ. ಈರಕ್ಕನ್ನ ಕಳಸ್ರಿ ಅಂತ ಕೈ ಮುಗದು ಕೇಳಿದೆ. ಗುಳಿಗಿ ಕೊಟ್ಟು ಕಳಸಿದ."

ಸಮತಾ ಬರೆಯುತ್ತಿದ್ದಳು. "ಉಳಿದ ಹತ್ತು ಬದುಕ್ಯಾವು. ಭೀಮಗ ಯಾಕ ಹಿಂಗಾತು?"

"ಅವ ಎಲ್ಲಾರಕಿಂತ ಸಣ್ಣಾವ. ಮತ್ತ..." ಗಾಳೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಹುಲುಗಮ್ಮ ಬಿಟ್ಟು ಹೋಗಾಗ ಅಂದ್ಲು, ಹಲ್ಲು ಬರಾಕತ್ತಾವು, ಭಾಳ ಅಳತಾನ, ನಿನಗ ತ್ರಾಸು ಕೊಡತಾನ, ಇನ್ನೊಂದು ಸುತ್ತು ಬಜಿ ತೇಯ್ದು ಹಾಕು ಅಂತ. ಗುಳಿಗಿ ತೇಯ್ದ ಅದ ಕಲ್ಲಿನ ಮ್ಯಾಲೆ ತೇಯ್ದು ಹಾಕಿದ್ನ್ರಿ."

ಸಮತಾಳ ಪೆನ್ನು ನಿಂತಿತು.

* * *

ಕೊಟ್ಟೂರಿನ ಮನೆಯಲ್ಲಿ ಅರುಣಕುಮಾರ್ ಕುರ್ಚಿ ಎಳೆದು ಕೊಟ್ಟ. ಚಹಾ ತರಿಸುತ್ತೇನೆಂದ. ಸಮತಾ ಕೂರಲಿಲ್ಲ.

"ಕಾರಿಗುಂಟಿ ಸುದ್ದಿ ಕೇಳಿದೆ ಮೇಡಂ. ಮುದುಕಿ ಏನು ತಿನಿಸ್ಯಾಳೋ ಏನೋ. ನಾನಂತೂ ಯಾವ ಗುಳಿಗೀನೂ ಕೊಟ್ಟಿಲ್ಲ."

"ಗುಳಿಗಿ ಮಾತು ನಾನಿನ್ನೂ ಎತ್ತೇ ಇಲ್ಲಲ್ರಿ," ಎಂದಳು ಸಮತಾ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಮುಖ ಅವನದಾಯಿತು.

ಒಳಮನೆಯಿಂದ ಅವನ ತಾಯಿ ಅನ್ನದಾನಮ್ಮ ಗೋಡೆ ಹಿಡಿದು ಬಂದಳು. "ಡಾಕ್ಟರ್ ಕಡಿಂದ ಬಂದಿಯೇನವ್ವಾ? ನನ್ನ ನಿದ್ದಿ ಗುಳಿಗಿ ಅರ್ಧ ಪಟ್ಟಿ ಕಾಣವಲ್ಲದು. ಇವನ್ನ ಕೇಳಿದ್ರ ಇಲಿ ಒಯ್ದೈತಿ ಅಂತಾನ."

ಆಕೆಯ ದಿಂಬಿನಡಿ ಉಳಿದರ್ಧ ಸಿಕ್ಕಿತು. ಎರಡು ತುಂಡುಗಳನ್ನು ಸಮತಾ ಮೇಜಿನ ಮೇಲೆ ಕೂಡಿಸಿಟ್ಟಳು. ಓರೆ ಅಂಚು ಓರೆ ಅಂಚಿಗೆ ಹೊಂದಿತು. ಹೆಸರು ಈ ತುಂಡಿನ ಮೇಲಿತ್ತು.

"ಇಲಿ ಕತ್ತರಿ ಹಿಡಿಯಂಗಿಲ್ರಿ," ಎಂದಳು. "ಗಾಳೆಮ್ಮಗ ಓದಾಕ ಬರಂಗಿಲ್ಲ. ಆದ್ರೂ ಹೆಸರು ಇದ್ದ ತುಂಡು ಇಲ್ಲೇ ಇಟ್ಕೊಂಡ್ರಿ. ಅಂದ್ರ ನಿಮಗ ಗೊತ್ತಿತ್ತು. ಆಕಿ ಎರಡನೇ ಆಯಾ ಕೇಳಿದ್ಲು. ಆಯಾ ನಿಮ್ಮ ಮನ್ಯಾಗ ಬೇಕಾಗಿದ್ಲು. ಕೂಸು ಅಳದಿದ್ರ ಆಯಾನೂ ಬೇಕಾಗಂಗಿಲ್ಲ ಅಂತ ಲೆಕ್ಕ ಹಾಕಿದ್ರಿ."

ಆ ಹೊತ್ತಿಗೇ ಒಳಗೆ ಒಂದು ಕೂಸು ಅತ್ತಿತು. ತೊಟ್ಟಿಲುಮನೆಯ ಹಸಿರು ಸೀರೆಯುಟ್ಟ ಈರಕ್ಕ ಅದನ್ನು ಹೆಗಲಿಗೆ ಹಾಕಿ ತಟ್ಟುತ್ತ ಪಡಸಾಲೆಗೆ ಬಂದಳು. ಪೊಲೀಸರನ್ನು ಕಂಡು ಅಲ್ಲೇ ನಿಂತಳು.

"ಈ ಕೂಸೂ ಅಳತೈತಲ್ಲ," ಸಮತಾ ಕೇಳಿದಳು. "ಇದಕ್ಕ ಯಾಕ ಗುಳಿಗಿ ಹಾಕಲಿಲ್ಲ?"

ಅರುಣಕುಮಾರ್ ಈರಕ್ಕನಿಗೆ ಒಳಗೆ ಹೋಗೆಂದು ಕೈಸನ್ನೆ ಮಾಡಿದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವನನ್ನು ಜೀಪಿಗೆ ಹತ್ತಿಸಿದರು. ಗಾಳೆಮ್ಮನನ್ನೂ ಕರೆದೊಯ್ಯಬೇಕಾಯಿತು. ಕಾನೂನಿಗೆ ಊದಿದ ಮಂಡಿ ಕಾಣುವುದಿಲ್ಲ. ಸಮತಾಗೆ ಕಂಡಿತ್ತು, ಆದರೂ ಕರೆದೊಯ್ದಳು.

* * *

ಸಂಜೆ ಆಸ್ಪತ್ರೆಯಲ್ಲಿ ಕೂಸುಗಳು ಒಂದೊಂದಾಗಿ ಎದ್ದವು. ಒಂದು ಅತ್ತಿತು, ಅದರ ಹಿಂದೆ ಇನ್ನೊಂದು. ತಾಯಂದಿರು ನಗುತ್ತ ಅಳುತ್ತ ಎತ್ತಿಕೊಂಡರು. ನಾಳೆಯಿಂದ ತೊಟ್ಟಿಲುಮನೆಗೆ ಬೀಗ. ಕೆಲಸಕ್ಕೆ ಹೋಗುವುದಾದರೆ ಇವನ್ನು ಎಲ್ಲಿ ಬಿಡುವುದೆಂದು ಯಾರೂ ಇನ್ನೂ ಯೋಚಿಸಿರಲಿಲ್ಲ.

ಹುಲುಗಮ್ಮ ವರಾಂಡದ ಬೆಂಚಿನ ಮೇಲಿದ್ದಳು. ಭೀಮನನ್ನು ಮರಣೋತ್ತರ ಪರೀಕ್ಷೆಗೆ ಒಯ್ದಿದ್ದರು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದಳು.

ಸಮತಾ ನಡೆದದ್ದನ್ನು ಹೇಳಿದಳು. ಗುಳಿಗೆ, ಪಟ್ಟಿ, ಈರಕ್ಕ, ಎಲ್ಲ. ಒಂದನ್ನು ಬಿಟ್ಟು.

ಆದರೆ ಹುಲುಗಮ್ಮ ಅದನ್ನೇ ಕೇಳಿದಳು.

"ಮೇಡಮ್ಮೋರ, ನಾನ ಹೇಳಿದ್ನ್ರಿ, ಇನ್ನೊಂದು ಸುತ್ತು ಬಜಿ ಹಾಕು ಅಂತ. ಅದರಿಂದ ಏನರ...?"

ಸಮತಾಳ ಜೇಬಿನಲ್ಲಿ ಗಾಳೆಮ್ಮನ ಹೇಳಿಕೆ ಮಡಚಿಕೊಂಡು ಕುಳಿತಿತ್ತು. ಆದರೂ ಹೇಳಿದಳು:

"ಬಜಿಯಿಂದ ಯಾವ ಕೂಸೂ ಸಾಯಂಗಿಲ್ಲ ಹುಲುಗಮ್ಮ. ನೀ ಹೇಳಿದ್ದು ಬಜಿ."

ಹುಲುಗಮ್ಮ ತಲೆಯಾಡಿಸಿದಳು. ನಂಬಿದಳೋ ಇಲ್ಲವೋ.

ಒಳಗೆ ಒಂದು ಕೂಸು ಅಳುತ್ತಲೇ ಇತ್ತು. ಅದರ ತಾಯಿ ಕೂಡ್ಲಿಗಿ ಕಡೆ ಕೆಲಸಕ್ಕೆ ಹೋಗಿದ್ದಳು, ಇನ್ನೂ ಬಂದಿರಲಿಲ್ಲ.

"ಅದನ್ನ ಯಾರರ ಎತ್ತಿಕೊಳ್ರಿ," ಎಂದಳು ಹುಲುಗಮ್ಮ. ಯಾರೂ ಬರಲಿಲ್ಲ. ಕೊನೆಗೆ ತಾನೇ ಎದ್ದು ಒಳಗೆ ಹೋಗಿ ಎತ್ತಿಕೊಂಡಳು.