ಕಾಳಿನ ಚೀಲ

“ಇನ್ನೊಂದು ದಿಂಬಿನ ಕವರ್ ಕೊಡಮ್ಮಾ, ಬೇಗ!”

“ಉಳಿದಿರೋದು ನಂದೊಂದೇ ಅಪ್ಪ!” ಗಥೋನಿ ತನ್ನ ದಿಂಬನ್ನು ಎದೆಗೆ ಅವಚಿಕೊಂಡಳು. “ನಿಂದು, ಅಜ್ಜೀದು, ನೆಂಟರಿಗೆ ಅಂತ ಇಟ್ಟಿದ್ದು, ಎಲ್ಲ ಖಾಲಿ. ನಾನೇನು ಬರೀ ಹತ್ತಿ ಮೇಲೆ ಮಲಗ್ಲಾ?”

“ಹತ್ತು ದಿನ ತಾನೆ? ನಿನ್ನ ಕವರ್ರು ಮಾಸಾಯಿ ಮಾರಾಕ್ಕೆ ಹೋಗಿ ಆನೆ ನೋಡ್ಕೊಂಡು ಬರುತ್ತೆ. ಎಂಥಾ ಅದೃಷ್ಟ ಅದರದ್ದು!”

“ಅದೃಷ್ಟ ಕವರಿಗೆ, ನಿದ್ದೆಗೇಡು ನನಗೆ,” ಎನ್ನುತ್ತಲೇ ಗಥೋನಿ ಹೂವಿನ ಕವರನ್ನು ಬಿಚ್ಚಿ ಕೊಟ್ಟಳು.

ಆ ದಿನ ಊಟದ ಮೇಜಿನ ಮೇಲೆ ಒಂದು ಲೋಟ ಇಡಲೂ ಜಾಗವಿರಲಿಲ್ಲ. ಎರಡು ಕ್ಯಾಮೆರಾ, ನಾಲ್ಕು ಲೆನ್ಸು. ಅದರಲ್ಲಿ ಒಂದು ಲೆನ್ಸಂತೂ ಗಥೋನಿಯ ತೋಳಿನಷ್ಟು ಉದ್ದ, ಮಗುವಿನಷ್ಟು ಭಾರ. ಅಪ್ಪ ಒಂದೊಂದನ್ನೂ ಒಗೆದ ದಿಂಬಿನ ಕವರಿನೊಳಗೆ ಇಳಿಸಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ, ಗಾಳಿ ಹಿಂಡಿ, ಬಾಯಿ ಮುಚ್ಚಿ, ಕಂಬಳಿ ಹಾಸಿದ ತಗಡಿನ ಟ್ರಂಕಿನಲ್ಲಿ ಇಡುತ್ತಿದ್ದ. ಇಟ್ಟದ್ದನ್ನು ಮತ್ತೆ ತೆಗೆಯುತ್ತಿದ್ದ. ಬೇರೆ ಕಡೆ ಇಡುತ್ತಿದ್ದ.

“ಅಪ್ಪ ದೊಡ್ಡದನ್ನ ಮೊದಲು ಇಡ್ತಿದ್ರಾ, ಸಣ್ಣದನ್ನಾ?” ಎಂದು ತನ್ನಷ್ಟಕ್ಕೆ ಗೊಣಗಿಕೊಂಡ.

ಅವನು ಹೇಳುತ್ತಿದ್ದುದು ಗಥೋನಿಯ ಅಜ್ಜನ ಬಗ್ಗೆ. ಅಜ್ಜ ಸಫಾರಿ ಡ್ರೈವರ್. ಫೋಟೋ ತೆಗೆಯುವವರನ್ನು ತಮ್ಮೂರು ಲಿಮೂರಿನಿಂದ ಮಾರಾದ ಕಾಡಿಗೆ ಕರೆದುಕೊಂಡು ಹೋಗುವುದೇ ಅವನ ಬದುಕಾಗಿತ್ತು. ಅಜ್ಜ ಕಟ್ಟಿದ ಪೆಟ್ಟಿಗೆಯೊಳಕ್ಕೆ ಧೂಳು ಬರಬೇಕಾದರೆ ಬಾಗಿಲು ತಟ್ಟಿ ಕೇಳಬೇಕು ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರಂತೆ. ಅಜ್ಜ ತೀರಿಕೊಂಡು ನಾಲ್ಕು ವರ್ಷ. ಅಷ್ಟು ದಿನ ಶೆಡ್ಡಿನಲ್ಲಿ ನಿಂತಿದ್ದ ಅವನ ಹಳೇ ಜೀಪನ್ನು ಅಪ್ಪ ಈಗ ರಿಪೇರಿ ಮಾಡಿಸಿದ್ದ. ಕಂಪನಿ ಕೆಲಸ ಬಿಟ್ಟು ಸ್ವಂತಕ್ಕೆ ಹೊರಟ ಮೊದಲ ಸಫಾರಿ ಇದು.

ಬರುತ್ತಿರುವವಳು ಬಿರ್ಗಿಟ್ ಎಂಬ ಫೋಟೋ ತೆಗೆಯುವ ಮುದುಕಿ. ಅಜ್ಜನ ಜೊತೆ ಎಷ್ಟೋ ಸಲ ಹೋದವಳು. ಊರಾಚೆಯ ಗೆಸ್ಟ್ ಹೌಸಿನಲ್ಲಿ ಇಳಿದುಕೊಂಡು, ಹಳೇ ವಾಡಿಕೆಯಂತೆ ತನ್ನ ಸಾಮಾನನ್ನೆಲ್ಲ ನಿನ್ನೆಯೇ ಈ ಮನೆಗೆ ಕಳಿಸಿಬಿಟ್ಟಿದ್ದಳು. “ನಿಮ್ಮ ತಂದೆ ಕಟ್ಟುತ್ತಿದ್ದ ಹಾಗೇ ಕಟ್ಟಿ” ಎಂದು ಒಂದು ಚೀಟಿ ಬೇರೆ.

ಆ ಚೀಟಿ ಓದಿದಾಗಿನಿಂದ ಅಪ್ಪನ ಕೈಕಾಲು ಆಡುತ್ತಿರಲಿಲ್ಲ.

“ಅಪ್ಪ, ಕಾಳಿನ ಚೀಲ ನಾನು ತುಂಬ್ಲಾ?” ಗಥೋನಿ ಕೇಳಿದಳು. ಬೆಳಗಿನಿಂದ ಇದು ಮೂರನೇ ಸಲ.

ಅಪ್ಪ ಅವಳ ಮುಖ ನೋಡಿದ. “ಹೂಂ, ತುಂಬು. ಅಡುಗೆಮನೆ ಡಬ್ಬದಲ್ಲಿ ಕಾಳಿದೆ. ಬಿಗಿಯಾಗಿ ಬೇಡ, ಸಡಿಲವಾಗೂ ಬೇಡ. ನಾನು ಜೀಪಿನ ಬಾಗಿಲಿನ ರಬ್ಬರ್ ನೋಡ್ಕೊಂಡು ಬರ್ತೀನಿ.”

ಮೊಳೆಯಲ್ಲಿ ನೇತಾಡುತ್ತಿದ್ದ ಚೀಲವನ್ನು ಗಥೋನಿ ಇಳಿಸಿದಳು. ಹಳೇ ಡೇರೆಯ ಬಟ್ಟೆಯಲ್ಲಿ ಹೊಲಿದದ್ದು. ಕತ್ತೆಯ ಬೆನ್ನಿಗೆ ಹೇರುವ ಜೋಡಿಚೀಲದ ಹಾಗೆ ಎರಡು ಹೊಟ್ಟೆ, ನಡುವೆ ಸೊಂಟ. ಜೀಪಿನ ಕಿಟಕಿಯ ಅಂಚಿಗೆ ಅದನ್ನು ಹೇರಿದರೆ ಆ ದೊಡ್ಡ ಲೆನ್ಸು ಅದರ ಮೇಲೆ ಅಲುಗಾಡದೆ ಮಲಗುತ್ತಿತ್ತು, ಮಡಿಲ ಕೂಸಿನ ಹಾಗೆ.

ಅವಳಿಗೆ ಆರು ವರ್ಷ ಇದ್ದಾಗ ಅಜ್ಜ ಬೆಣ್ಣೆಹಣ್ಣಿನ ಮರದ ಕೆಳಗೆ ಕೂತು ಈ ಚೀಲ ತುಂಬುತ್ತಿದ್ದ. ಗಥೋನಿ ಮಗ್ಗಿನಲ್ಲಿ ಕಾಳು ಮೊಗೆದು ಹಾಕಬೇಕು. ತುಂಬಿದ ಮೇಲೆ ಅವಳನ್ನು ಎತ್ತಿ ಅದರ ಮೇಲೆ ಕೂರಿಸಿ, “ಕಾವು ಕೂರು ನನ್ನ ಕೋಳೀ!” ಎನ್ನುತ್ತಿದ್ದ. ಅವಳು ವಾಲದೆ ಕೂತರೆ ಚೀಲ ಸರಿಯಾಗಿದೆ ಎಂದರ್ಥ. ಸಫಾರಿ ಮುಗಿದ ಮೇಲೆ ಅದೇ ಕಾಳು, ಮೆಕ್ಕೆಜೋಳದ ಜೊತೆ ಬೆಂದು ಗಿಥೇರಿಯಾಗಿ ತಟ್ಟೆಗೆ ಬರುತ್ತಿತ್ತು. “ತಿನ್ನು ತಿನ್ನು, ಇದು ಸಿಂಹ ನೋಡಿ ಬಂದ ಕಾಳು. ಈ ಕಾಳು ಚಿರತೆ ಹಿಂದೆ ಹೋಗಿತ್ತು. ಅಯ್ಯೋ, ಇದು ನಿದ್ದೆ ಹೋಗಿತ್ತು, ಏನೂ ನೋಡ್ಲಿಲ್ಲ ಪಾಪ!” ನಗುತ್ತ ನಗುತ್ತ ಅವಳ ತಟ್ಟೆ ಖಾಲಿಯಾಗುತ್ತಿತ್ತು.

ಈ ನಾಲ್ಕು ವರ್ಷ ತಿಂದ ಕಾಳೆಲ್ಲ ಬರೀ ಕಾಳು.

ಅಡುಗೆಮನೆಯ ಡಬ್ಬ ತೆರೆದರೆ ತಳದಲ್ಲಿ ನಾಲ್ಕೇ ಹಿಡಿ. ಉಳಿದದ್ದು ಬೆಳಗ್ಗೆಯೇ ಪಾತ್ರೆಗೆ ಬಿದ್ದು ಒಲೆಯ ಮೇಲೆ ಕುದಿಯುತ್ತಿತ್ತು. ಅಜ್ಜಿಯನ್ನು ಕೇಳೋಣವೆಂದರೆ ಅವಳು ಚರ್ಚಿನ ಹೆಂಗಸರ ಸಭೆಗೆ ಹೋಗಿದ್ದಳು. ಅಪ್ಪನನ್ನು ಕೇಳಿದರೆ, “ಬಿಡು, ನಾನೇ ತುಂಬ್ತೀನಿ” ಎಂದುಬಿಟ್ಟರೆ?

ಗಥೋನಿ ಸಾಮಾನಿನ ಕೋಣೆಗೆ ಹೋದಳು. ಮೂಲೆಯಲ್ಲಿ ಹಳದಿ ಬಣ್ಣದ ದೊಡ್ಡ ಎಣ್ಣೆಡಬ್ಬ. ಮುಚ್ಚಳ ತೆಗೆದಳು. ಆಹಾ! ತುಂಬ ಕಾಳು. ಕೆಂಪು ಚುಕ್ಕೆಯ ದಪ್ಪ ದಪ್ಪ ಕಾಳು. ಮೇಲೆಲ್ಲ ಬೂದಿ ಬೂದಿ. ಉಫ್ ಎಂದು ಊದಿದಳು. ಒಂದಿಷ್ಟು ಹಾರಿತು, ಒಂದಿಷ್ಟು ಅವಳ ಮೂಗಿಗೇ ಬಂತು. ಸೀನಿದಳು. ‘ಇರಲಿ, ಚೀಲದ ಒಳಗೆ ತಾನೆ ಇರೋದು? ಯಾರು ನೋಡ್ತಾರೆ?’ ಮಗ್ಗಿನಲ್ಲಿ ಮೊಗೆಮೊಗೆದು ಎರಡೂ ಹೊಟ್ಟೆ ತುಂಬಿದಳು.

ಚೀಲ ಭಾರವಾಗಿತ್ತು. ತಬ್ಬಿಕೊಂಡು, ಹೊಟ್ಟೆ ಮುಂದೆ ಮಾಡಿ, ಬಾತುಕೋಳಿಯಂತೆ ನಡೆದು ಬಂದು ಮೇಜಿನ ಮೇಲೆ ಧೊಪ್ಪೆಂದು ಇಳಿಸಿದಳು.

ಹೊಲಿಗೆಯ ಸಂದಿಗಳಿಂದ ಬೂದಿ ಬುಸ್ಸೆಂದು ಎದ್ದಿತು.

ಒಲೆ ಊದಿದಾಗ ಏಳುತ್ತದಲ್ಲ, ಹಾಗೆ. ಬೆಳಗಿನ ಬಿಸಿಲಿನಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಮೆಲ್ಲಗೆ ಕೆಳಗೆ ಇಳಿಯಿತು. ಅಪ್ಪ ಒರೆಸಲೆಂದು ಮುಚ್ಚಳ ತೆಗೆದು ಇಟ್ಟಿದ್ದ ದೊಡ್ಡ ಲೆನ್ಸಿನ ಕಪ್ಪು ಗಾಜಿನ ಮೇಲೂ ಇಳಿಯಿತು. ಗಾಜು ಬೆಳ್ಳಗಾಯಿತು.

ಗಥೋನಿ ಲಂಗದ ಅಂಚು ಹಿಡಿದು ಒರೆಸಲು ಬಗ್ಗಿದಳು.

“ಮುಟ್ಟಬೇಡ!”

ಬಾಗಿಲಲ್ಲಿ ಅಜ್ಜಿ. ತಲೆಗೆ ಕಟ್ಟಿದ್ದ ಚರ್ಚಿನ ಬಿಳೀ ವಸ್ತ್ರ ಇನ್ನೂ ಬಿಚ್ಚಿರಲಿಲ್ಲ. ಅಜ್ಜಿ ಕೂಗಿದ್ದನ್ನು ಗಥೋನಿ ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು.

ಸದ್ದು ಕೇಳಿ ಅಪ್ಪ ಓಡಿ ಬಂದ. ಲೆನ್ಸು ನೋಡಿದ. ಮಗಳನ್ನು ನೋಡಿದ. “ಏನು ಮಾಡಿದೆ! ಏನು ಮಾಡಿಬಿಟ್ಟೆ! ಇನ್ನೊಂದು ಗಂಟೇಲಿ ಹೊರಡಬೇಕು. ಅವಳ ಮುಂದೆ ಇದನ್ನ ಹೇಗೆ ಹಿಡೀಲಿ ನಾನು?” ಎನ್ನುತ್ತ ಹೆಗಲ ಮೇಲಿನ ಬಟ್ಟೆಗೆ ಕೈ ಹಾಕಿದ.

“ನೀನೂ ಮುಟ್ಟಬೇಡ,” ಎಂದಳು ಅಜ್ಜಿ. ಈಗ ಅವಳ ದನಿ ಎಂದಿನಷ್ಟೇ ಮೆತ್ತಗಿತ್ತು. “ಬೂದಿ ಅಂದ್ರೆ ಮೆತ್ತಗೆ ಅನ್ಕೊಂಡ್ಯಾ? ಅದರೊಳಗೆ ಮರಳಿರುತ್ತೆ. ಒರೆಸಿದ್ರೆ ಗಾಜಿನ ತುಂಬ ಗೀರು. ನಿಮ್ಮಪ್ಪ ಒಂದು ಸಲ ಅಂಗಿ ತುದೀಲಿ ಒರೆಸಿ, ಮೂರು ದಿನ ಊಟ ಬಿಟ್ಟಿದ್ದ. ಗಥೋನಿ, ಬಾ ಇಲ್ಲಿ.”

ಮೊದಲ ಮಗಳಿಗೆ ಅಪ್ಪನ ತಾಯಿಯ ಹೆಸರಿಡುವುದು ಅವರ ರೂಢಿ. ಹಾಗಾಗಿ ಆ ಮನೆಯಲ್ಲಿ ಗಥೋನಿಯರು ಇಬ್ಬರು. ಅಪ್ಪ ಮಗಳನ್ನು ಅಮ್ಮಾ ಎಂದು ಕರೆಯುವುದೂ ಅದಕ್ಕೇ. ಚಿಕ್ಕ ಗಥೋನಿ ದೊಡ್ಡ ಗಥೋನಿಯ ಹತ್ತಿರ ಹೋದಳು.

“ಎರಡೂ ಕೈಯಲ್ಲಿ ಹಿಡಿ. ಹಾಗೇ ತಿರುಗಿಸು, ಗಾಜು ನೆಲ ನೋಡಲಿ. ಹೆದರಬೇಡ, ನಿಮ್ಮಪ್ಪ ಕೆಳಗೆ ಕೈ ಕೊಡ್ತಾನೆ.”

ಅಜ್ಜಿ ನೆಲದ ಮೇಲೆ ಕೂತಳು. ಲೆನ್ಸಿನ ಸಾಮಾನಿನಲ್ಲಿದ್ದ ಗಾಳಿ ಊದುವ ರಬ್ಬರಿನ ಉಂಡೆಯೊಂದನ್ನು ಹಿಂಡಿ, ಕೆಳಗಿನಿಂದ ಗಾಜಿಗೆ ಗಾಳಿ ಬಿಟ್ಟಳು. ಫುಸ್. ಫುಸ್. ಬೂದಿ ಉದುರಿ ಅವಳ ಮಡಿಲಿಗೆ ಬಿತ್ತು. ಫುಸ್. ಫುಸ್.

“ಬಾಯಲ್ಲೇ ಊದಿದ್ರೆ ಬೇಗ ಆಗಲ್ವಾ ಅಜ್ಜಿ?”

“ಆಗುತ್ತೆ. ಬೂದಿ ಹೋಗುತ್ತೆ, ಎಂಜಲು ಕೂರುತ್ತೆ.”

ಅಪ್ಪ ಅಷ್ಟೊತ್ತಿನಲ್ಲಿ ಮೊದಲ ಸಲ ನಕ್ಕ.

ಆಮೇಲೆ ಅಜ್ಜಿ ಮೆತ್ತನೆ ಕುಂಚ ತೆಗೆದುಕೊಂಡು ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ, ನೊಣವನ್ನೂ ಎಬ್ಬಿಸದಷ್ಟು ಹಗುರವಾಗಿ ಸವರಿದಳು. ಮತ್ತೆ ಫುಸ್. ಲೆನ್ಸಿನ ಭಾರಕ್ಕೆ ಗಥೋನಿಯ ತೋಳು ಸೋಲುತ್ತಿತ್ತು. ಆದರೂ ಬಿಡಲಿಲ್ಲ. ಕೊನೆಗೆ ಲೆನ್ಸನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅಜ್ಜಿ ತಲೆಯಾಡಿಸಿದಳು. ಗಾಜು ಮತ್ತೆ ಬಾವಿಯಂತೆ ಕಪ್ಪಗೆ, ಆಳವಾಗಿತ್ತು. ಒಂದು ಗೀರೂ ಇರಲಿಲ್ಲ.

ಅಲ್ಲಿಗೆ ನಿಲ್ಲಿಸಲಿಲ್ಲ ಅವಳು. ಟ್ರಂಕಿನಲ್ಲಿದ್ದುದನ್ನೆಲ್ಲ ಹೊರಗೆ ತೆಗೆದು ಮತ್ತೆ ಕಟ್ಟಿದಳು. ಯಾವುದು ಎಲ್ಲಿ ಎಂದು ಅವಳ ಕೈಗೇ ಗೊತ್ತಿತ್ತು. “ದೊಡ್ಡದು ತಳಕ್ಕಲ್ಲ ಮಗಾ, ಮೊದಲು ಕೈಗೆ ಸಿಗೋದು ಅದೇ ಆಗ್ಬೇಕು. ಸಿಂಹ ಕಾಯ್ಕೊಂಡು ಕೂರುತ್ತಾ?” ಅಪ್ಪ ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತು ಕಲಿತ.

“ಇದನ್ನೆಲ್ಲ ಅಜ್ಜ ಕಲಿಸಿದ್ದಾ?” ಗಥೋನಿ ಕೇಳಿದಳು.

“ಅವನಾ?” ಅಜ್ಜಿಗೆ ನಗು ಬಂತು. “ಅವನಿಗೆ ತನ್ನ ಅಂಗಿ ಮಡಿಸೋಕೇ ಬರ್ತಿರಲಿಲ್ಲ. ಓಡಿಸೋಕೆ ಕೂತರೆ ರಾಜ. ಪೆಟ್ಟಿಗೆ ಕಟ್ಟೋದು ನನ್ನ ಕೆಲಸ.”

ಅಪ್ಪನೂ ತಿರುಗಿ ನೋಡಿದ. ಅವನಿಗೂ ಅದು ಗೊತ್ತಿರಲಿಲ್ಲ.

ಕೊನೆಗೆ ಅಜ್ಜಿಯ ಕೈ ಕಾಳಿನ ಚೀಲಕ್ಕೆ ಬಂತು. ಬಾಯಿ ಬಿಚ್ಚಿ ಒಂದು ಹಿಡಿ ತೆಗೆದಳು. ಕೆಂಪು ಚುಕ್ಕೆಯ ಕಾಳನ್ನು ಬೆಳಕಿಗೆ ಹಿಡಿದಳು.

“ಹಳದಿ ಡಬ್ಬದ್ದು,” ಎಂದಳು ಗಥೋನಿ ಸಣ್ಣ ದನಿಯಲ್ಲಿ. “ಅಡುಗೆಮನೇಲಿ ಇರಲಿಲ್ಲ. ನಾನು ಕೇಳ್ದೇನೇ ತಗೊಂಡೆ.”

“ಅದು ಬಿತ್ತನೆ ಬೀಜ ಕಣೇ. ಹುಳ ಹಿಡೀಬಾರದು ಅಂತ ಬೂದಿ ಹಾಕಿಡೋದು.” ಅಜ್ಜಿ ಬಯ್ಯಲಿಲ್ಲ. ಕಾಳನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತಳು. “ಗೊತ್ತಾ, ಒಂದು ವರ್ಷ ನಿಮ್ಮಜ್ಜ ಮಾರಾ ದಾರೀಲಿರೋ ನರೋಕ್ ಸಂತೇಲಿ ಚೀಲ ತುಂಬ್ಸಿದ್ದ. ವಾಪಸ್ ಬಂದಾಗ ಚೀಲ ಖಾಲಿ. ದಾರೀಲಿ ಯಾರದೋ ಮನೇಲಿ ಹಸಿವು ಅಂತ ಎಲ್ಲ ಕೊಟ್ಟುಬಿಟ್ಟಿದ್ದ. ನಾನು ಚೀಲ ಒಗೆಯೋಕೆ ಮಗುಚಿದೆ. ಹೊಲಿಗೆ ಸಂದೀಲಿ ನಾಲ್ಕು ಕಾಳು ಸಿಕ್ಕೊಂಡಿತ್ತು. ಇಂಥದ್ದೇ, ಕೆಂಪು ಚುಕ್ಕೇದು. ನಮ್ಮ ಕಡೆ ಇದು ಇರಲೇ ಇಲ್ಲ. ಬೇಲಿ ಪಕ್ಕ ಊರಿದೆ.”

“ನಾಲ್ಕೇ?”

“ನಾಲ್ಕೇ. ಮೂರು ಮೊಳೀತು.”

ಗಥೋನಿ ತುಂಬಿದ ಚೀಲವನ್ನು ನೋಡಿದಳು. ಅಪ್ಪ ಹೋಗಿ ಮೊರ ತಂದ.

ಕಾಳೆಲ್ಲ ಮೊರಕ್ಕೆ ಬಂತು. ಗಥೋನಿ ಚೀಲವನ್ನು ಹೊರಗೆ ಒಯ್ದು, ಒಳಗಿನದು ಹೊರಗಾಗುವಂತೆ ಮಗುಚಿ, ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ, ಬೆಣ್ಣೆಹಣ್ಣಿನ ಮರಕ್ಕೆ ಬಡಿದಳು. ಬೂದಿ ಕಾಣದಾಗುವವರೆಗೆ ಬಡಿದಳು. ಒದ್ದೆ ಬಟ್ಟೆಯಲ್ಲಿ ಒರೆಸಿ ಒಲೆಯ ಪಕ್ಕ ಒಣಗಿಸಿದಳು. ಅಜ್ಜಿ ಅಟ್ಟದಿಂದ ಒಣ ಮೆಕ್ಕೆಜೋಳ ಇಳಿಸಿ ಎರಡು ಸಲ ಕೇರಿ, ಜರಡಿ ಹಿಡಿದಳು.

“ಜೋಳ ಆಗುತ್ತಾ ಅಮ್ಮ?” ಅಪ್ಪನಿಗೆ ಅನುಮಾನ.

“ಕಾಳು ಬೆಳೆಯದ ವರ್ಷ ಹೋಗಿದ್ದು ಜೋಳಾನೇ. ಅದೂ ಏನೂ ಕಡಿಮೆ ನೋಡಿಲ್ಲ.”

ಮಗ್ಗಿನಲ್ಲಿ ಮೊಗೆದು ತುಂಬಿದ್ದು ಗಥೋನಿಯೇ. ಬಾಯಿ ಹೊಲಿದದ್ದೂ ಅವಳೇ. ಅಪ್ಪ ಚೀಲವನ್ನು ಜೀಪಿನ ಕಿಟಕಿಗೆ ಹೇರಿ, ಮೊಣಕೈ ಊರಿ, ಅತ್ತಿತ್ತ ಒತ್ತಿ ನೋಡಿದ. ಅದು ಅಲುಗಲಿಲ್ಲ. “ಸೈ, ಅಮ್ಮಾ,” ಎಂದ. ಇಬ್ಬರು ಗಥೋನಿಯರಲ್ಲಿ ಯಾರಿಗೆ ಹೇಳಿದನೋ!

ಹನ್ನೊಂದಕ್ಕೆ ಐದು ನಿಮಿಷವಿರುವಾಗ, ಬಿರ್ಗಿಟ್‌ಳನ್ನು ಗೆಸ್ಟ್ ಹೌಸಿನಿಂದ ಹತ್ತಿಸಿಕೊಳ್ಳಲು ಜೀಪು ಹೊರಟಿತು. ಚಹಾ ತೋಟದ ನಡುವಿನ ಕೆಂಪು ದಾರಿಯಲ್ಲಿ ಧೂಳೆಬ್ಬಿಸಿ ಮರೆಯಾಯಿತು.

ಅಜ್ಜಿ ಹೊಸಿಲ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಕೂತಳು. ಒಡೆದ ಕಾಳು ಆರಿಸಿ ತೆಗೆದು, ಒಳ್ಳೆಯದನ್ನು ಹೊಸ ಬೂದಿಯಲ್ಲಿ ಹೊರಳಿಸಿ ಹಳದಿ ಡಬ್ಬಕ್ಕೆ ಹಾಕತೊಡಗಿದಳು. ಗಥೋನಿಯೂ ಪಕ್ಕದಲ್ಲಿ ಕೂತು ಆರಿಸಿದಳು. ಮೊರದ ಅರ್ಧ ಖಾಲಿಯಾಯಿತು.

“ಈಗ ಕುರಿಚರ್ಮದ ಟೋಪಿ ಮಾರೋ ತಿರುವಿಗೆ ಬಂದಿರ್ತಾರೆ,” ಎಂದಳು ಅಜ್ಜಿ, ಕಾಳಿನಿಂದ ಕಣ್ಣೆತ್ತದೆ.

ಗಥೋನಿ ತಲೆಯೆತ್ತಿದಳು.

ಇನ್ನಷ್ಟು ಹೊತ್ತು ಕಳೆಯಿತು. “ಈಗ ಘಾಟಿ ಇಳಿದ್ರು. ಬಲಗಡೆ ಒಂದು ಪುಟ್ಟ ಚರ್ಚು. ಹತ್ತು ಜನ ಮಂಡಿಯೂರಿದ್ರೆ ಹನ್ನೊಂದನೆಯವನು ಹೊರಗೆ. ಅಲ್ಲಿ ಹಾರ್ನ್ ಹೊಡೀಬಾರದು.”

“ಆಮೇಲೆ?”

“ಆಮೇಲೆ ಮಾಯಿ ಮಹಿಯು ಪೇಟೆ. ಅಲ್ಲಿ ಚಹಾ. ಆಮೇಲೆ ಎಡಗಡೆ ಸುಸ್ವಾ ಬೆಟ್ಟ, ಒಂದು ತಾಸು ಜೊತೇಲೇ ಬರುತ್ತೆ, ಬಿಟ್ಟು ಹೋಗಲ್ಲ.”

“ಅಜ್ಜಿ, ನೀನು ಯಾವಾಗ ಹೋಗಿದ್ದೆ?”

“ಎಲ್ಲಿಗೆ?”

“ಮಾರಾಕ್ಕೆ.”

“ನಾನಾ?” ಅಜ್ಜಿ ಒಂದು ಕಾಳಿನ ಬೂದಿಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದಳು. “ಮಾಯಿ ಮಹಿಯುವರೆಗೆ ಹೋಗಿದ್ದೆ, ಒಂದು ಮದುವೆಗೆ. ಅದರಾಚೆ ನಾನ್ಯಾವಾಗ ಹೋದೆ? ಉಳಿದದ್ದೆಲ್ಲ ನಿಮ್ಮಜ್ಜ ಬಂದು ಹೇಳಿದ್ದು.”

ಗಥೋನಿ ಖಾಲಿ ದಾರಿಯನ್ನು ನೋಡಿದಳು. ಅಜ್ಜನ ಜೀಪು ಹೊರಟಾಗಲೆಲ್ಲ ತಾನು ಬೇಲಿಯವರೆಗೆ ಓಡಿಹೋಗಿ ಕೈ ಬೀಸುತ್ತಿದ್ದುದು ನೆನಪಾಯಿತು. ಧೂಳು ಮರೆಯಾಗುವವರೆಗೂ ಬೀಸಿ, ಅಲ್ಲಿಂದ ಹಾಗೇ ಆಟಕ್ಕೆ ಓಡಿಹೋಗುತ್ತಿದ್ದಳು. ಹಿಂದೆ ಈ ಮೆಟ್ಟಿಲ ಮೇಲೆ ಯಾರು ಕೂತಿರುತ್ತಿದ್ದರು ಎಂದು ಒಂದು ಸಲವೂ ತಿರುಗಿ ನೋಡಿರಲಿಲ್ಲ.

ಅವಳು ಮೆಲ್ಲಗೆ ಸರಿದು ಅಜ್ಜಿಯ ಮಂಡಿಗೆ ಮಂಡಿ ತಾಗಿಸಿ ಕೂತಳು.

“ಸುಸ್ವಾ ಬೆಟ್ಟ ಆದ್ಮೇಲೆ ಏನು ಬರುತ್ತೆ ಅಜ್ಜಿ?”

“ಅವಸರ ಮಾಡಬೇಡ,” ಎಂದಳು ಅಜ್ಜಿ. “ಇನ್ನೂ ಚಹಾ ಕುಡೀತಿದಾರೆ.”