ಡೋರೀನ್ ಅಜ್ಜಿಯ ಅಮೆರಿಕದ ಪತ್ರಗಳು

"ನಿಲ್ರಿ... ಕೋಟಿನೊಳಗ ಏನದ?"

ಬಾಗಿಲಿಗೆ ಅಡ್ಡ ನಿಂತ ಮಾಳವಿಕಾಳನ್ನು ಕಂಡು ರೋಷನ್ ಬೆಚ್ಚಿದ. ಅವನ ಕೋಟಿನಿಂದ ಹಳೆಯ ಪತ್ರಗಳ ಕಟ್ಟೊಂದು ಇಣುಕುತ್ತಿತ್ತು. ಅಮೆರಿಕದ ಅಂಚೆಚೀಟಿಗಳು!

"ಅಜ್ಜಿಗೆ ಗೊತ್ತು. ಇದಕ್ಕಿಂತ ಹೆಚ್ಚು ಹೇಳೋಕಾಗಲ್ಲ," ಎಂದು ಕಣ್ಣು ತಪ್ಪಿಸಿ ಹೊರಟುಹೋದ.

ಧಾರವಾಡದ ಮಾಳವಿಕಾ ಇಂಗ್ಲೆಂಡಿನ ಕ್ವೀನ್ಸ್‌ಬರಿಯಲ್ಲಿ ಡೋರೀನ್ ಎಂಬ ಇಂಗ್ಲಿಷ್ ಅಜ್ಜಿಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದಳು. ಅಜ್ಜಿಯ ತಮ್ಮ ಲೆನ್ ಹರೆಯದಲ್ಲೇ ಅಮೆರಿಕಕ್ಕೆ ಹೋಗಿ ಓಹಾಯೊದಲ್ಲಿ ನೆಲೆಸಿದ್ದ. ಅವನು ಮನೆಗೆ ಬರೆದ ಪತ್ರಗಳನ್ನೆಲ್ಲ ಅಜ್ಜಿ ಜೋಪಾನವಾಗಿಟ್ಟಿದ್ದಳು. ಕುಂದಾಪುರದ ರೋಷನ್ ಪಕ್ಕದ ಬೀದಿಯವನು. ಕಣ್ಣು ಮಂಜಾದ ಅಜ್ಜಿಗೆ ಸಾಮಾನು ತಂದುಕೊಡುತ್ತಿದ್ದ.

ಪತ್ರಗಳ ಬಗ್ಗೆ ಮಾಳವಿಕಾ ಕೇಳಿದಾಗ ಅಜ್ಜಿ ಮಾತು ಮರೆಸಿ ಚಹಾ ಮಾಡಲು ಎದ್ದಳು.

ರೋಷನ್ ಅಜ್ಜಿಯನ್ನು ಹೆದರಿಸಿದ್ದಾನಾ? ಬೆಲೆಬಾಳುವ ಹಳೆಯ ಅಂಚೆಚೀಟಿಗಳನ್ನು ಮಾರುತ್ತಿದ್ದಾನಾ...? ಸ್ಟೇಷನ್ನಿನಿಂದ ತನ್ನ ಜೊತೆ ನಡೆದುಬರುವಾಗ ಆಡಿದ ಮೆಲುಮಾತುಗಳೂ ಬರೀ ನಾಟಕವಾ? ಅವನನ್ನು ಇಷ್ಟಪಟ್ಟಿದ್ದಕ್ಕೇ ಅವಳಿಗೆ ಹೆಚ್ಚು ಭಯ.

ಮರುದಿನ ಅವನು ಪತ್ರಗಳನ್ನು ಹಿಂದಿರುಗಿಸಿದ. ಮಾಳವಿಕಾ ಅವನೆದುರೇ ಒಂದೊಂದು ಲಕೋಟೆಯನ್ನೂ ತಿರುಗಿಸಿ ನೋಡಿದಳು. ಅಂಚೆಚೀಟಿಗಳೆಲ್ಲ ಇದ್ದವು. ಆದರೂ ಅನುಮಾನ ಹೋಗಲಿಲ್ಲ. ಇನ್ನು ಈ ಮನೆಗೆ ಬರಬೇಡಿ ಎಂದಳು. ಅವನು ತಲೆತಗ್ಗಿಸಿ ಹೊರಟ.

ಭಾನುವಾರ ಮಧ್ಯಾಹ್ನ ಅಜ್ಜಿ ಅವಳನ್ನು ಕರೆದಳು. ಟ್ಯಾಬ್ಲೆಟ್‌ ಪರದೆಯಲ್ಲಿ ಮುದುಕನೊಬ್ಬ ಎತ್ತಲೋ ನೋಡುತ್ತ ಕುಳಿತಿದ್ದ, ಪಕ್ಕದಲ್ಲಿ ಅವನ ಮಗಳು.

ಅಜ್ಜಿ ತಡವರಿಸುತ್ತ ಎಲ್ಲ ಹೇಳಿದಳು. ಪರದೆಯಲ್ಲಿದ್ದವನೇ ಲೆನ್; ಮರೆವಿನ ಕಾಯಿಲೆಯಿಂದ ಅವನಿಗೆ ಅಕ್ಕನ ಗುರುತೂ ಉಳಿದಿರಲಿಲ್ಲ. ತಾನೇ ಬರೆದ ಪತ್ರಗಳನ್ನು ಓದಿದರೆ ಮಾತ್ರ ಆಗೀಗ ಬಾಯಿ ಬಿಡುತ್ತಿದ್ದ. ಪ್ರತಿ ಭಾನುವಾರ ಓದುತ್ತಿದ್ದವನು ರೋಷನ್; ಇಂದು ಓದಲು ಯಾರೂ ಇರಲಿಲ್ಲ. ಪತ್ರಗಳನ್ನು ಮನೆಗೊಯ್ದು ಸ್ಕ್ಯಾನ್ ಮಾಡಿ ಲೆನ್‌ನ ಮಗಳಿಗೆ ಕಳಿಸುತ್ತಿದ್ದವನೂ ಅವನೇ. ತಮ್ಮ ತನ್ನನ್ನು ಮರೆತದ್ದು ಯಾರಿಗೂ ತಿಳಿಯಬಾರದೆಂದು ಅಜ್ಜಿಯೇ ಅವನಿಂದ ಮಾತು ತೆಗೆದುಕೊಂಡಿದ್ದಳು.

ಮಾಳವಿಕಾ ಒಂದು ಪತ್ರ ಬಿಡಿಸಿ ಓದಿದಳು. ಓಹಾಯೊದ ಹಿಮ ಕಂಡಾಗೆಲ್ಲ ಅಕ್ಕ ಹೆಣೆದುಕೊಟ್ಟ ಕೆಂಪು ಕೈಗವಸು ನೆನಪಾಗುತ್ತದೆ ಎಂದು ಲೆನ್ ಬರೆದಿದ್ದ.

"ಒಂದನ್ನ ಕಳೆದುಬಿಟ್ಟೆ, ಡೋರೀನ್," ಎಂದ ಮುದುಕ.

ಅಜ್ಜಿ ಪರದೆಯ ಮೇಲೆ ಕೈಯಿಟ್ಟು ಅತ್ತಳು.

ಸಂಜೆ ಮಾಳವಿಕಾ ರೋಷನ್‌ನ ಬಾಗಿಲು ತಟ್ಟಿದಳು.

"ನಿಮ್ಮನ್ನ ಕಳ್ಳ ಅಂದ್ಕೊಂಡೆ. ತಪ್ಪಾತು... ಖರೇ ಹೇಳಬೇಕಂದ್ರ, ನೀವು ಕಳ್ಳ ಆಗಿರಬಾರದು ಅಂತ ದಿನಾ ಬೇಡ್ಕೊತಿದ್ದೆ."

"ಯಾಕೆ?"

"ಮನಸು ಕೊಟ್ಟಾಗಿತ್ತಲ್ಲ..."

ರೋಷನ್ ಬಾಗಿಲು ಪೂರ್ತಿ ತೆರೆದ. "ನೋವಾಯ್ತು ಮಾಳವಿಕಾ. ಆದ್ರೆ ನೀವು ಅಜ್ಜಿನ ಕಾಯ್ತಿದ್ರಿ. ಅದಕ್ಕೇ ಸಿಟ್ಟು ಬರಲಿಲ್ಲ. ಮುಂದಿನ ಭಾನುವಾರ ನಾನೇ ಬಂದು ಓದಲಾ?"

"ಓದಾಕ ನಾ ಅದೇನಿ," ಎಂದಳು ಕಣ್ಣೊರೆಸಿಕೊಂಡು. "ನೀವು ನನ್ನ ಬಾಜೂಕ ಕೂಡ್ರಿ, ಸಾಕು."