ಕೌದಿಯ ಒಳಪದರ

ಸಮಾಧಿಯ ಮಣ್ಣನ್ನು ಯಾರೋ ತೆಗೆದು ಮತ್ತೆ ಮುಚ್ಚಿದ್ದಾರೆ ಎಂಬ ದೂರು ಬಬಲೇಶ್ವರ ಠಾಣೆಗೆ ಬಂದದ್ದು ಸೋಮವಾರ ಬೆಳಿಗ್ಗೆ. ದೂರುದಾರ ಅಮರಪ್ಪ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯವನು. ಕಾಮಾಲೆಯಿಂದ ತೀರಿಕೊಂಡ ಹೆಂಡತಿ ಐಶ್ವರ್ಯಳನ್ನು ಹಿಂದಿನ ವಾರ ಹೊಲದಲ್ಲಿ ಮಣ್ಣು ಮಾಡಿದ್ದ. ಅವಳ ಕಾಲಲ್ಲಿ ಬೆಳ್ಳಿ ಗೆಜ್ಜೆ ಇದ್ದವು. ಕಳ್ಳತನವೆಂದೇ ಅವನ ಗುಮಾನಿ.

ಇನ್‌ಸ್ಪೆಕ್ಟರ್ ಧರ್ಮರಾಜ ಎಫ್‌ಐಆರ್ ದಾಖಲಿಸಿ, ತಹಶೀಲ್ದಾರರ ಸಮಕ್ಷಮ ಸಮಾಧಿ ತೆಗೆಸಿದರು.

ಗೆಜ್ಜೆ ಕಾಲಲ್ಲೇ ಇದ್ದವು. ಬದಲಾಗಿದ್ದದ್ದು ಸೀರೆ. ಅಂತ್ಯಕ್ರಿಯೆಯ ಫೋಟೊದಲ್ಲಿ ಹೆಣಕ್ಕೆ ಹೊದಿಸಿದ್ದು ನೇರಳೆ ಸೀರೆ. ಈಗ ಇದ್ದದ್ದು ಹಸಿರು ಇಳಕಲ್ ಸೀರೆ, ಹೊಸದು, ಮಡಿಕೆಯ ಗೆರೆ ಇನ್ನೂ ಅಳಿದಿರಲಿಲ್ಲ.

"ಇದನ್ನ ಯಾರು ತಂದಿರಬಹುದು?"

ಅಮರಪ್ಪ ನೆಲ ನೋಡಿದ. "ಕಡೀ ಸೀರಿ ತವರಮನಿಯವರು ತರಬೇಕ್ರಿ. ತಿಕೋಟಾಕ್ಕ ಹೇಳಿ ಕಳಿಸಿದ್ವಿ, ಸಂಜಿತನ ಕಾಯ್ದ್ವಿ. ನಾವ ಮೆಚ್ಚಿ ಮದುವಿ ಆದ್ವಿ ಅಂತ ಆಕಿ ಅಣ್ಣ ಸಂಗನಬಸವ ಮಾತ ಬಿಟ್ಟಿದ್ದ. ಯಾರೂ ಬರಲಿಲ್ಲ. ನಮ್ಮ ಸೀರಿನ ಹೊದಿಸಿದ್ವಿ."

ಕಾನ್‌ಸ್ಟೆಬಲ್ ಇರ್ಫಾನ ಕೈಗವಸು ಹಾಕಿಕೊಂಡ. "ಇದನ್ನ ಜಪ್ತಿ ಮಾಡೂನ್ರಿ, ಸರ್?"

"ಬ್ಯಾಡ. ಫೋಟೊ ಸಾಕು."

ಪಂಚನಾಮೆ ಮುಗಿದ ಮೇಲೆ ಮಣ್ಣು ಮುಚ್ಚಿದರು.

ವಿಜಯಪುರದ ನ್ಯಾಯಾಲಯ ಮರುದಿನ ಶೋಧನಾ ವಾರಂಟ್ ಕೊಟ್ಟಿತು: ಸಂಗನಬಸವನ ತಿಕೋಟಾದ ಮನೆ, ಹುಡುಕಬೇಕಾದದ್ದು ನೇರಳೆ ಸೀರೆ. ಜೀಪಿನಲ್ಲಿ ಇರ್ಫಾನ ಕೇಳಿದ, "ವಾರಂಟ್ ಐತಲ್ರಿ, ಸೀದಾ ಒಳಗ ಹೋಗೂದಲ್ಲೇನು?"

"ಮನಿ ಅವರದಪ್ಪಾ. ಕಾಗದ ಅಷ್ಟ ನಮ್ಮದು."

ಓಣಿಯ ಇಬ್ಬರನ್ನು ಪಂಚರಾಗಿ ಕರೆದರು: ಸಾಬಣ್ಣ, ತಿಪ್ಪವ್ವ. ಒಳಗೆ ಕಾಲಿಡುವ ಮೊದಲು ಪೊಲೀಸರು ತಮ್ಮ ಜೇಬು, ಚೀಲಗಳನ್ನು ಅವರಿಗೇ ತೋರಿಸಿದರು.

"ಪೊಲೀಸರ ಕಿಸೆ ನಾ ತಪಾಸ ಮಾಡೂದಾ?" ಸಾಬಣ್ಣ ನಕ್ಕ. "ಮನ್ಯಾಗ ಹೇಳಿದ್ರ ನಂಬೂದಿಲ್ರಿ."

"ಮಾಡ್ರಿ. ನಾವ ತಂದಿಟ್ವಿ ಅನ್ನಬಾರದು ನಾಳೆ."

ಸಂಗನಬಸವನ ತಾಯಿ ಗುರುಸಿದ್ದವ್ವ ಪಡಸಾಲೆಯಲ್ಲಿ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಧರ್ಮರಾಜ ವಾರಂಟ್ ಓದಿ ಹೇಳಿದರು. ಅವಳು ತಲೆ ಎತ್ತಲಿಲ್ಲ.

"ಹುಡುಕ್ರಿ. ಹೊಸ್ತಿಲದ ಎಡಕ್ಕ ಮಾತ್ರ ನಿಂದರಬ್ಯಾಡ್ರಿ. ಅಲ್ಲಿ ನನ ಮಗಳು ನಿಂದರತಿದ್ಲು."

ಸಾಬಣ್ಣನ ನಗು ನಿಂತಿತು.

ಇರ್ಫಾನ ಮೊಬೈಲಿನಲ್ಲಿ ವಿಡಿಯೊ ಹಿಡಿದ. ಮಹಿಳಾ ಕಾನ್‌ಸ್ಟೆಬಲ್ ನಾಜಿಯಾ ಬೂಟು ಬಿಚ್ಚಿ ದೇವರ ಕೋಣೆ ನೋಡಿದಳು. ಟ್ರಂಕು, ಅಟ್ಟ, ಕಾಳಿನ ಡಬ್ಬಿ. ಪಂಚರ ಕಣ್ಣೆದುರು ಒಂದೊಂದನ್ನೂ ತೆಗೆದು, ಇದ್ದಲ್ಲೇ ಇಟ್ಟರು. ಏನೂ ಸಿಗಲಿಲ್ಲ. ಉಳಿದದ್ದು ಮುದುಕಿಯ ತೊಡೆಯ ಮೇಲಿನ ಕೌದಿ. ಧರ್ಮರಾಜ ಕೈ ಹಾಕಲಿಲ್ಲ, ನಾಜಿಯಾಳತ್ತ ನೋಡಿದರು.

ನಾಜಿಯಾ ಪಕ್ಕದಲ್ಲಿ ಕುಳಿತಳು. "ಯವ್ವಾ, ಸ್ವಲ್ಪ ತೋರಸ್ತೀರೇನು?"

ಕೌದಿಯ ಒಂದು ಅಂಚು ಇನ್ನೂ ಹೊಲಿದಿರಲಿಲ್ಲ. ಪದರಗಳ ನಡುವೆ ನೇರಳೆ ಬಣ್ಣವಿತ್ತು.

"ತೊಳದೇನಿ," ಎಂದಳು ಗುರುಸಿದ್ದವ್ವ. "ಅತ್ತಿಮನೀದ ಇರ್ಲಿ. ಕಡೀಕ ಆಕಿ ಮೈಮ್ಯಾಲ ಇದ್ದದ್ದು. ಹೆಂಗ ಚೆಲ್ಲಲಿ?"

ಸುದ್ದಿ ಕೇಳಿ ಸಂಗನಬಸವ ತನ್ನ ಅಂಗಡಿಯಿಂದ ಬಂದ. ಕೌದಿ ನೋಡಿ ಗೋಡೆಗೆ ಒರಗಿದ.

"ಸಮಾಧಿಗೆ ಯಾರ್ಯಾರು ಹೋಗಿದ್ರಿ?" ಧರ್ಮರಾಜ ಕೇಳಿದರು.

"ನಾನೊಬ್ಬನ."

"ಯಾಕ?"

"ಮಣ್ಣಿಗೆ ಹೋಗತೀನಿ ಅಂದ ಅವ್ವನ್ನ ತಡದಾವ ನಾನ ರೀ. ಅವತ್ತಿಂದ ಅವ್ವ ಊಟದ ಗಂಗಾಳ ಮುಂದ ಇಟ್ಕೊಂಡು ಉಣ್ಣಲಾರದ ಬಾಗಿಲ ನೋಡಾಕತ್ತಿದ್ಲು. ಮಗಳು ಮಂದಿ ಸೀರ್ಯಾಗ ನಿಂತಾಳ, ಒಳಗ ಬಾ ಅಂದ್ರ ಬರವಲ್ಲಳು ಅಂತ. ಹುಚ್ಚಿ ಅಂತ ಬೈದೆ." ಅವನ ದನಿ ತಗ್ಗಿತು. "ಮೂರನೇ ದಿನ ನನಗೂ ಕಂಡಳ್ರಿ."

"ಈಗ?"

"ಅವ್ವ ಉಣ್ಣಾಕತ್ತಾಳ."

ಸಮಾಧಿ ಸ್ಥಳದ ಅತಿಕ್ರಮಣ ಆರೋಪದ ಮೇಲೆ ಅವನನ್ನು ಬಂಧಿಸಿದರು. ಜಾಮೀನು ಸಿಗುವ ಅಪರಾಧವೆಂದೂ ತಿಳಿಸಿದರು. ಕೌದಿಗೆ ಅರಗಿನ ಮುದ್ರೆ ಬಿತ್ತು. ಜಪ್ತಿ ಪಟ್ಟಿಗೆ ಪಂಚರು ಸಹಿ ಹಾಕಿದರು; ಒಂದು ಪ್ರತಿ ಗುರುಸಿದ್ದವ್ವನ ಕೈ ಸೇರಿತು. ಅವಳು ಅದನ್ನು ನೋಡಲಿಲ್ಲ.

"ಸಾಹೇಬರ, ನೀವು ಮಣ್ಣ ತೆಗಸಿದ್ರಂತಲ್ಲ. ಈಗ ಆಕಿ ಮ್ಯಾಲ ಯಾವ ಸೀರಿ ಐತ್ರಿ?"

"ನಿಮ್ಮದ. ನಾವು ಮುಟ್ಟಿಲ್ಲ."

ಮುದುಕಿ ಬಾಗಿಲಿನತ್ತ ನೋಡಿ, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು.

ಹೊರಡುವಾಗ ಸಂಗನಬಸವ, ಇರ್ಫಾನ, ನಾಜಿಯಾ, ಕಡೆಗೆ ಧರ್ಮರಾಜ, ಎಲ್ಲರೂ ಹೊಸ್ತಿಲಿನ ಎಡಬದಿ ಬಿಟ್ಟು ದಾಟಿದರು.